ಶುಕ್ರವಾರದ ಬನ್ನು

ಟರ್ಕಿ ಕೋಳಿ ಗುರುವಾರ ರುಚಿಯಾಗಿರುವುದಿಲ್ಲ. ಅಮೆರಿಕದಲ್ಲಿ ಈ ಮಾತನ್ನು ಊಟದ ಮೇಜಿನ ಮುಂದೆ ಯಾರೂ ಆಡುವುದಿಲ್ಲ, ಆಡಲೂಬಾರದು. ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಅಂದು ನಸುಕಿಗೇ ಎದ್ದು ಓವನ್ ಕಾದ ಮನೆಯಾಕೆ ಆ ಭಾರಿ ಹಕ್ಕಿಯನ್ನು ಹರಿವಾಣದಲ್ಲಿಟ್ಟು ತಂದಾಗ ಸುತ್ತ ಕೂತವರೆಲ್ಲ ‘ಆಹಾ’ ಎನ್ನಬೇಕು. ಆಮೇಲೆ ತಟ್ಟೆಗೆ ಬಿದ್ದ ಎದೆಯ ತುಂಡನ್ನು ಗ್ರೇವಿಯಲ್ಲಿ ಅದ್ದಿ ಅದ್ದಿ ಗಂಟಲಿಳಿಸಬೇಕು. ಹಕ್ಕಿಗೆ ರುಚಿ ಹತ್ತುವುದು ಮಾರನೇ ದಿನ ಮಧ್ಯಾಹ್ನ, ಬನ್ನಿನ ಹೊಟ್ಟೆಯೊಳಗೆ ಕೂತು ಮತ್ತೊಮ್ಮೆ ಓವನ್ನಿಗೆ ಹೋಗಿ ಬಂದ ಮೇಲೆ. ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಇಷ್ಟು ಕಾಲ ಬಾಳ್ವೆ ಮಾಡಿದ ಮೇಲೆ ನನಗೆ ಈ ವಿಷಯದಲ್ಲಿ ಅನುಮಾನವೇ ಉಳಿದಿಲ್ಲ.

ಇದನ್ನು ತೋರಿಸಿಕೊಟ್ಟವರು ಪಕ್ಕದ ಮನೆಯ ಅಜ್ಜಿ. ಶಾಲೆಯೊಂದರ ಅಡುಗೆಮನೆಯಲ್ಲಿ ಬಹುಕಾಲ ದುಡಿದು ನಿವೃತ್ತರಾಗಿದ್ದವರು. ನಾನೂ ನನ್ನ ಹೆಂಡತಿಯೂ ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಬೇಲಿಯಾಚೆಯಿಂದ ಕೂಗಿ, ಗುರುವಾರ ನಿಮ್ಮ ಮನೆಯಲ್ಲಿ ಒಲೆ ಹಚ್ಚಬೇಡಿ, ನಮ್ಮಲ್ಲಿಗೇ ಬಂದುಬಿಡಿ ಎಂದರು. ಹೋದೆವು. ಹಕ್ಕಿಯ ಜೊತೆಗೆ ಹಾಲು ಬೆಣ್ಣೆ ಹಾಕಿ ನುರಿದ ಆಲೂಗಡ್ಡೆ. ಒಣ ಬ್ರೆಡ್ಡಿನ ಚೂರಿಗೆ ಸೆಲರಿ, ಈರುಳ್ಳಿ, ಸೇಜ್ ಸೊಪ್ಪು ಸೇರಿಸಿ ಬೇಯಿಸಿದ ಸ್ಟಫಿಂಗ್. ಕ್ರ್ಯಾನ್‌ಬೆರಿ ಹಣ್ಣಿನ ಹುಳಿಸಿಹಿ ಗೊಜ್ಜು. ಅಣಬೆ ಸೂಪಿನಲ್ಲಿ ಬೇಯಿಸಿ ಮೇಲೆ ಹುರಿದ ಈರುಳ್ಳಿ ಉದುರಿಸಿದ ಬೀನ್ಸ್. ಈ ಬೀನ್ಸು ತಲೆಮಾರುಗಳ ಹಿಂದಿನದು ಎಂದುಕೊಂಡು ಕೇಳಿದರೆ ಅಜ್ಜಿ ನಕ್ಕರು. ಅದು 1955ರಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಎಂಬಾಕೆ ಸೂಪು ಖರ್ಚಾಗಲೆಂದು ಕಂಡುಹಿಡಿದದ್ದು. ಹಬ್ಬಕ್ಕೂ ಈಗಿನ ರೂಪ ಬಂದದ್ದು ನಿಧಾನವಾಗಿಯೇ. ದೇಶಕ್ಕೆಲ್ಲ ಒಂದೇ ದಿನ ಎಂದು ಲಿಂಕನ್ ಸಾರಿದ್ದು 1863ರಲ್ಲಿ, ಅಂತರ್ಯುದ್ಧದ ನಡುವೆ. ನಾಲ್ಕನೇ ಗುರುವಾರ ಎಂದು ಕಾನೂನಾದದ್ದು 1941ರಲ್ಲಿ.

ಹಕ್ಕಿ ಒಣಗುವುದಕ್ಕೆ ಮಾಡುವವರ ಕೈಗುಣ ಕಾರಣವಲ್ಲ, ಅದರ ಮೈಕಟ್ಟೇ ಕಾರಣ. ಎದೆಯ ಮಾಂಸ ಬೇಗ ಬೇಯುತ್ತದೆ, ತೊಡೆ ತಡವಾಗಿ. ತೊಡೆಯ ಸಂದಿಯಲ್ಲಿ 165 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 74 ಸೆಲ್ಸಿಯಸ್, ಮುಟ್ಟದೆ ಹೊರಗೆ ತೆಗೆಯುವಂತಿಲ್ಲ. ಅದು ಮುಟ್ಟುವಷ್ಟರಲ್ಲಿ ಎದೆ ಆ ಹದ ದಾಟಿ ನಾರುನಾರಾಗಿರುತ್ತದೆ. ಮೇಲಾಗಿ ಗಾತ್ರ. ಅಂಗಡಿಯಲ್ಲಿ ಮಂಜುಗಟ್ಟಿ ಬರುವ ಹಕ್ಕಿಯನ್ನು ಫ್ರಿಜ್ಜಿನಲ್ಲಿಟ್ಟು ಕರಗಿಸುವುದಕ್ಕೆ ನಾಲ್ಕೈದು ಪೌಂಡಿಗೆ ಒಂದು ದಿನದ ಲೆಕ್ಕ. 16 ಪೌಂಡಿನದಾದರೆ ಭಾನುವಾರವೇ ಕೆಳಗಿಳಿದಿರಬೇಕು. ಅಷ್ಟು ದೊಡ್ಡದನ್ನು ಏಳೆಂಟು ಜನ ಒಂದು ಹೊತ್ತಿಗೆ ತಿಂದು ಮುಗಿಸಲಾರರು. ಮಿಕ್ಕೇ ಮಿಗುತ್ತದೆ. ಮಿಗಲೆಂದೇ ದೊಡ್ಡದು ತರುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು.

ಊಟ ಮುಗಿದು ಎಲ್ಲರೂ ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತ ತೂಕಡಿಸುತ್ತಿದ್ದಾಗ ಅಜ್ಜಿ ಗೋಡೆ ಗಡಿಯಾರ ನೋಡಿ ಎದ್ದರು. ಬೆಂದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕೆಂಬುದು ಇಲ್ಲಿನ ಕೃಷಿ ಇಲಾಖೆಯ ಸೂಚನೆ, ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದವರಿಗೆ ಬಾಯಿಪಾಠ. ಮೂಳೆಯಿಂದ ಮಾಂಸ ಬಿಡಿಸಿದರು. ಎದೆಯದು ಬೇರೆ, ತೊಡೆಯದು ಬೇರೆ. ಆಳವಿಲ್ಲದ ಅಗಲ ಡಬ್ಬಿಗಳಲ್ಲಿ ಹರಡಿ, ಮೇಲೆ ಎರಡು ಸೌಟು ಗ್ರೇವಿ ಎರೆದು, ಮುಚ್ಚಳ ಬಿಗಿದರು. ಮೂಳೆಗಳು ದೊಡ್ಡ ಪಾತ್ರೆಗೆ ಹೋದವು, ಸೂಪಿಗೆ. ನನ್ನ ಹೆಂಡತಿ ಸಹಾಯಕ್ಕೆ ನಿಂತಳು. ಇಬ್ಬರೂ ಮಾತಿಲ್ಲದೆ ಕೆಲಸ ಮಾಡಿದ್ದು ನೋಡಿದರೆ ಒಂದೇ ಮನೆಯವರು ಎನ್ನಬೇಕಿತ್ತು.

ನಾನು ಮಂಡ್ಯ ಸೀಮೆಯವನು. ನಮ್ಮಲ್ಲಿ ಮಿಕ್ಕ ಅಡುಗೆಗೆ ಯಾವ ಕೀಳರಿಮೆಯೂ ಇಲ್ಲ. ಯುಗಾದಿಯ ಒಬ್ಬಟ್ಟಿನ ಸಾರು ಅಂದಿಗಿಂತ ಮಾರನೇ ದಿನವೇ ಚೆನ್ನ. ಬೇಳೆಕಟ್ಟು, ಹೂರಣ, ಹುಣಸೆ ಎಲ್ಲ ಒಂದಕ್ಕೊಂದು ಹೊಂದಿಕೊಳ್ಳಲು ಒಂದು ರಾತ್ರಿ ಬೇಕು. ಊರಹಬ್ಬದ ಬಾಡೂಟದ ದಿನ ಮನೆಯವರು ಕೂತು ಉಂಡದ್ದನ್ನು ನಾನು ನೋಡಿಲ್ಲ. ಪಂಕ್ತಿ ಮೇಲೆ ಪಂಕ್ತಿ ನೆಂಟರು ಏಳುತ್ತಾರೆ, ಹೆಂಗಸರು ಬಡಿಸಿ ಬಡಿಸಿ ಸುಸ್ತಾಗಿ ಕಡೆಗೆ ಎರಡು ತುತ್ತು ತಿಂದು ಮಲಗುತ್ತಾರೆ. ಅವ್ವ ಸಾರಿನ ಹಂಡೆಯನ್ನು ರಾತ್ರಿಯೊಮ್ಮೆ, ಬೆಳಗಿನ ಜಾವವೊಮ್ಮೆ ಕುದಿಸಿ ಇಳಿಸುವಳು. ಎಂಟು ಗಂಟೆಗೆ ನಾವು ಮಕ್ಕಳು ಅಡುಗೆಮನೆಯಲ್ಲೇ ಸುತ್ತ ಕೂತಾಗ ಬಿಸಿ ಇಡ್ಲಿ ಮೇಲೆ ನಿನ್ನೆಯ ಸಾರು ಬೀಳುವುದು. ಹಬ್ಬದ ಊಟ ನೆಂಟರದು, ಮಾರನೇ ಬೆಳಗಿನದು ಮನೆಯವರದು. ಈ ಹಕ್ಕು ಅಮೆರಿಕದಲ್ಲೂ ಜಾರಿಯಲ್ಲಿದೆ ಎಂದು ತಿಳಿದದ್ದು ಶುಕ್ರವಾರ ಅಜ್ಜಿ ಫೋನ್ ಮಾಡಿದಾಗ.

“ಹನಿ, ಮಧ್ಯಾಹ್ನ ಏನೂ ತಿನ್ನಬೇಡ. ಇಬ್ಬರೂ ಹಿಂದಿನ ಬಾಗಿಲಿನಿಂದ ಬನ್ನಿ.”

ಹಿಂದಿನ ಬಾಗಿಲೆಂದರೆ ಅಡುಗೆಮನೆಯ ಬಾಗಿಲು. ಗುರುವಾರ ನಾವು ಮುಂದಿನ ಬಾಗಿಲಿನಿಂದ ಹೋದ ಅತಿಥಿಗಳು.

ಮೇಜಿನ ಮೇಲೆ ಒಂದಕ್ಕೊಂದು ಅಂಟಿಕೊಂಡ ಹನ್ನೆರಡು ಪುಟ್ಟ ಬನ್ನುಗಳ ಪೊಟ್ಟಣವಿತ್ತು. ಕಿಂಗ್ಸ್ ಹವಾಯಿಯನ್ ಎಂಬ ಸಿಹಿ ಬನ್ನು. ಹವಾಯಿಯ ಹಿಲೋ ಪಟ್ಟಣದಲ್ಲಿ 1950ರಲ್ಲಿ ಬೇಕರಿ ತೆರೆದ ರಾಬರ್ಟ್ ತೈರಾ ಎಂಬ ಜಪಾನಿ ಮೂಲದವರು ಆರಂಭಿಸಿದ್ದು, ಈಗ ದೇಶದ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ನಾನು ಬನ್ನು ಬಿಡಿಸಲು ಕೈಹಾಕಿದರೆ ಅಜ್ಜಿ ತಡೆದರು. ಬಿಡಿಸಬಾರದು. ಉದ್ದನೆಯ ಗರಗಸದ ಚಾಕುವಿನಿಂದ ಇಡೀ ಹಾಸನ್ನು ಅಡ್ಡಡ್ಡ ಸೀಳಿದರು. ಹನ್ನೆರಡರ ತಳ ಒಂದು ತುಂಡು, ಹನ್ನೆರಡರ ತಲೆ ಒಂದು ತುಂಡು. ತಳವನ್ನು ಬೆಣ್ಣೆ ಸವರಿದ ತಟ್ಟೆಯಲ್ಲಿಟ್ಟು, ಏನೂ ತುಂಬದೆ ಬರಿದಾಗಿ ಐದು ನಿಮಿಷ ಓವನ್ನಿಗೆ ಕೊಟ್ಟರು. ಮೇಲ್ಮೈ ಕೊಂಚ ಗರಿಯಾದರೆ ರಸ ಕುಡಿದು ಮುದ್ದೆಯಾಗುವುದಿಲ್ಲ.

ಆಮೇಲೆ ಪದರಗಳು. ಮೊದಲು ಸ್ವಿಸ್ ಚೀಸಿನ ತೆಳು ಹಾಳೆ. ಅದು ಕರಗಿ ಬನ್ನಿಗೂ ರಸಕ್ಕೂ ನಡುವೆ ಅಡ್ಡ ನಿಲ್ಲುತ್ತದೆ. ಅದರ ಮೇಲೆ ಸ್ಟಫಿಂಗ್. ತಣ್ಣಗಾದ ಸ್ಟಫಿಂಗ್ ಗಟ್ಟಿಯಾಗಿರುತ್ತದೆ, ಚಾಕುವಿನಲ್ಲಿ ಬಿಲ್ಲೆ ಬಿಲ್ಲೆಯಾಗಿ ಕುಯ್ಯಬಹುದು. ಅಜ್ಜಿ ಆ ಬಿಲ್ಲೆಗಳನ್ನು ಕಾವಲಿಯ ಮೇಲೆ ಬೆಣ್ಣೆ ಬಿಟ್ಟು ಎರಡೂ ಕಡೆ ಕೆಂಪಗೆ ಸುಟ್ಟರು. ಆಮೇಲೆ ಟರ್ಕಿ. ಬಿಸಿಯಿದ್ದಾಗ ಪುಡಿಪುಡಿಯಾಗುವ ಎದೆಯ ಮಾಂಸ ಒಂದು ರಾತ್ರಿ ತಣ್ಣಗಿದ್ದರೆ ಬಿಗಿದುಕೊಂಡು, ನಾರಿಗೆ ಅಡ್ಡಲಾಗಿ ಕಾಗದದಷ್ಟು ತೆಳ್ಳಗೆ ಹೋಳಾಗುತ್ತದೆ. ನಾರು ತುಂಡಾದ ಮೇಲೆ ಹಲ್ಲಿಗೆ ಕೆಲಸವಿಲ್ಲ. ಎದೆ ಎರಡು ಪಾಲು, ತೊಡೆ ಒಂದು ಪಾಲು ಬೆರೆಸಿದರು. ಫ್ರಿಜ್ಜಿನಿಂದ ತೆಗೆದ ಗ್ರೇವಿ ಹಾಲುಬಾಯಿಯ ಹಾಗೆ ಅಲುಗುತ್ತಿತ್ತು. ಮೂಳೆ, ಚರ್ಮದಿಂದ ಇಳಿದ ಅಂಟು ಅದು. ಚಮಚದಿಂದ ಅಲ್ಲಲ್ಲಿ ಗುಡ್ಡೆಯಿಟ್ಟರು; ಓವನ್ನಿನಲ್ಲಿ ಕರಗಿ ತಾನೇ ಮಾಂಸದೊಳಗೆ ಇಳಿಯುತ್ತದೆ. ಕ್ರ್ಯಾನ್‌ಬೆರಿ ಗೊಜ್ಜು ಎಲ್ಲಕ್ಕಿಂತ ಮೇಲೆ, ತೆಳ್ಳಗೆ. ಮತ್ತೊಂದು ಹಾಳೆ ಚೀಸು. ಕಡೆಗೆ ತಲೆಯ ತುಂಡು.

ಇನ್ನು ಮುಗಿಯಿತು ಎಂದುಕೊಂಡೆ. ಅಜ್ಜಿ ಪುಟ್ಟ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ, ಸಾಸಿವೆಯ ಪೇಸ್ಟು, ಸಣ್ಣಗೆ ಹೆಚ್ಚಿದ ಈರುಳ್ಳಿ, ನಾಲ್ಕು ಹನಿ ವೂಸ್ಟರ್ ಸಾಸ್ ಹಾಕಿ, ಮೇಲೆ ಡಬ್ಬಿಯಿಂದ ಒಂದು ಚಮಚ ಕಪ್ಪು ಕಾಳು ಸುರಿದರು. ನನ್ನ ಹೆಂಡತಿ ಬೆರಳಿಗೆ ಹಚ್ಚಿಕೊಂಡು ಮೂಸಿದಳು, ಬಾಯಿಗಿಟ್ಟಳು. “ರೀ, ಗಸಗಸೆ!” ಎಂದಳು. ಗಸಗಸೆಯೇ. ನಮ್ಮ ಪಾಯಸದ್ದು ಬಿಳಿ, ಇವರದು ನೀಲಿಗಪ್ಪು. ಬೆಣ್ಣೆಯನ್ನು ಬನ್ನುಗಳ ತಲೆಯ ಮೇಲೆ ಹರಡಿ, ಸಂದಿಗಳಿಗೂ ಇಳಿಸಿ, ಮೇಲೆ ಅಲ್ಯುಮಿನಿಯಂ ಹಾಳೆ ಬಿಗಿದು, 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಪ್ಪತ್ತು ನಿಮಿಷ. ಹಾಳೆ ತೆಗೆದು ಮತ್ತೆ ಐದು ನಿಮಿಷ, ತಲೆ ಕೆಂಪಾಗಲು. ಟರ್ಕಿಯ ಬದಲು ಹ್ಯಾಮ್ ಇಟ್ಟು ಮಾಡಿದ ಇದೇ ಬನ್ನನ್ನು ಈ ದಕ್ಷಿಣದ ರಾಜ್ಯಗಳಲ್ಲಿ ಸಾವಾದ ಮನೆಗೆ ನೆರೆಹೊರೆಯವರು ಹೊತ್ತು ತರುತ್ತಾರಂತೆ. ಒಲೆ ಹಚ್ಚದ ಮನೆಗೆ ಊಟ ತರುವ ರೂಢಿ ನಮ್ಮಲ್ಲೂ ಉಂಟಲ್ಲ.

ಅಡುಗೆಮನೆಯ ಮೇಜಿನ ಸುತ್ತ ನಿಂತೇ ತಿಂದೆವು. ಪಕ್ಕದಲ್ಲಿ ಕಪ್ಪಿನಲ್ಲಿ ಬಿಸಿ ಗ್ರೇವಿ, ಅದ್ದಿಕೊಳ್ಳಲು. ಹೊರಗೆ ಸಿಹಿಯ ಮೆದು ಬನ್ನು, ಒಳಗೆ ಗರಿಗರಿ ಸ್ಟಫಿಂಗ್, ನಡುವೆ ನಿನ್ನೆ ಒಣಗಿದ್ದ ಅದೇ ಮಾಂಸ ಇಂದು ರಸವಾಗಿ, ಅದಕ್ಕೆ ಕ್ರ್ಯಾನ್‌ಬೆರಿಯ ಹುಳಿ. ನಿನ್ನೆ ತಟ್ಟೆಯಲ್ಲಿ ಬೇರೆ ಬೇರೆ ಮೂಲೆಯಲ್ಲಿ ಕೂತಿದ್ದವು ಒಟ್ಟಾಗಿದ್ದವು. ನಿನ್ನೆ ಮಿತವಾಗಿ ಮಾತಾಡುತ್ತಿದ್ದ ಅಜ್ಜಿಯ ಮಕ್ಕಳು ಇಂದು ಬೆರಳು ನೆಕ್ಕುತ್ತ ಜಗಳವಾಡುತ್ತಿದ್ದರು, ಮೂಲೆಯ ಬನ್ನು ಯಾರಿಗೆ ಎಂದು. ಮೂಲೆಯದಕ್ಕೆ ಎರಡು ಅಂಚು ಗರಿಯಾಗಿರುತ್ತದೆ.

ಮಿಕ್ಕ ಟರ್ಕಿಗೆ ಒಂದು ಶಾಪವಿದೆ. ಬೆಂದ ಮಾಂಸ ಒಂದು ರಾತ್ರಿ ಕಳೆದು ಮತ್ತೆ ಬಿಸಿಯಾದಾಗ ಹಳೇ ರಟ್ಟಿನಂಥ ಒಂದು ವಾಸನೆ ಬರುತ್ತದೆ. ಬೇಯುವಾಗ ಮಾಂಸದಿಂದ ಬಿಡುಗಡೆಯಾದ ಕಬ್ಬಿಣದ ಅಂಶ, ಗಾಳಿಯ ಆಮ್ಲಜನಕ ಮತ್ತು ಕೊಬ್ಬು ಸೇರಿ ಮಾಡುವ ಕೆಲಸ ಅದು. ಟರ್ಕಿಯ ಕೊಬ್ಬು ಬೇಗ ಹೀಗೆ ಕೆಡುವ ಜಾತಿಯದು, ಅದಕ್ಕೇ ದನ, ಕುರಿಗಿಂತ ಟರ್ಕಿಯಲ್ಲಿ ಈ ವಾಸನೆ ಹೆಚ್ಚು. ಅಜ್ಜಿ ಗುರುವಾರ ಸಂಜೆ ಡಬ್ಬಿಗೆ ಗ್ರೇವಿ ಎರೆದದ್ದು ಯಾಕೆಂದು ನನಗೆ ಅರ್ಥವಾದದ್ದು ಇದನ್ನೆಲ್ಲ ಓದಿದ ಮೇಲೆ. ಗಾಳಿ ತಾಗದಿದ್ದರೆ ವಾಸನೆ ಹುಟ್ಟುವುದು ಕಡಿಮೆ. ಅವರಿಗೆ ಕಬ್ಬಿಣವೂ ಗೊತ್ತಿರಲಿಲ್ಲ, ಆಮ್ಲಜನಕವೂ. ಬರಿ ಮಾಂಸವನ್ನು ಮೈಕ್ರೋವೇವಿಗೆ ತುರುಕಿ ತಿನ್ನುವವರೇ ‘ಮಿಕ್ಕಿದ್ದು ಚೆನ್ನಾಗಿರಲ್ಲ’ ಎಂದು ಗೊಣಗುವುದು.

ಲೂಯಿವಿಲ್‌ಗೆ ಟರ್ಕಿ, ಬ್ರೆಡ್ಡು ಕೂಡಿಸುವ ಈ ವಿದ್ಯೆಯಲ್ಲಿ ಮೊದಲಿನಿಂದಲೂ ಹೆಸರಿದೆ. ಫೋರ್ಥ್ ಸ್ಟ್ರೀಟ್ ಮತ್ತು ಬ್ರಾಡ್‌ವೇ ಕೂಡುವಲ್ಲಿ 1923ರಲ್ಲಿ ತೆರೆದ ಬ್ರೌನ್ ಹೋಟೆಲ್ ಇದೆ. ಅಲ್ಲಿ ರಾತ್ರಿಯೆಲ್ಲ ಕುಣಿತ ನಡೆಯುತ್ತಿದ್ದ ಕಾಲ; ಸಾವಿರಕ್ಕೂ ಮೇಲ್ಪಟ್ಟು ಜನ ಸೇರುತ್ತಿದ್ದರು. ನಡುರಾತ್ರಿ ದಾಟಿದ ಮೇಲೆ ಹಸಿದು ಬರುವವರಿಗೆ ಹ್ಯಾಮು, ಮೊಟ್ಟೆ ಕೊಟ್ಟು ಕೊಟ್ಟು ಬೇಸತ್ತ ಬಾಣಸಿಗ ಫ್ರೆಡ್ ಶ್ಮಿಟ್ 1926ರಲ್ಲಿ ಹೊಸತೊಂದು ಮಾಡಿದ: ಸುಟ್ಟ ಬ್ರೆಡ್ಡಿನ ಮೇಲೆ ಟರ್ಕಿಯ ದಪ್ಪ ಹೋಳು, ಅದರ ಮೇಲೆ ಹಾಲು, ಬೆಣ್ಣೆ, ಹಿಟ್ಟು, ಚೀಸು ಕಾಸಿದ ಬಿಳಿ ಸಾಸು, ಉರಿಯ ಕೆಳಗಿಟ್ಟು ಬೊಬ್ಬೆಯೇಳುವ ತನಕ ಕಾಯಿಸಿ ಮೇಲೆ ಬೇಕನ್ನಿನ ಎರಡು ಪಟ್ಟಿ. ಹೆಸರು ಹಾಟ್ ಬ್ರೌನ್. ಟರ್ಕಿ ಆಗ ಹಬ್ಬಕ್ಕಷ್ಟೇ ಕಾಣುವ ಮಾಂಸವಾಗಿದ್ದದ್ದರಿಂದ ಜನ ಮುಗಿಬಿದ್ದರು. ಈಗಲೂ ಆ ಹೋಟೆಲಿನಲ್ಲಿ ಸಿಗುತ್ತದೆ, ಊರಿಗೆ ಬಂದವರನ್ನೆಲ್ಲ ಕರೆದೊಯ್ದು ತಿನ್ನಿಸುತ್ತೇವೆ. ನನ್ನ ಮಟ್ಟಿಗೆ ಅದು ಅರ್ಧಕ್ಕೇ ಸಾಕೆನಿಸುವ ತಿಂಡಿ. ತಿಂದ ಮೇಲೆ ಮಲಗಲು ಮಂಚ ಬೇಕು. ಹುಳಿಯಿಲ್ಲದಿರುವುದೇ ಅದರ ಕೊರತೆ. ಅಜ್ಜಿಯ ಬನ್ನಿಗೆ ಕ್ರ್ಯಾನ್‌ಬೆರಿ ಇದೆ.

ಮಿಕ್ಕ ಟರ್ಕಿಯಿಂದ ವ್ಯಾಪಾರವನ್ನೇ ಕಟ್ಟಿದ ಕಥೆಯೂ ಇದೆ. 1953ರಲ್ಲಿ ಸ್ವಾನ್ಸನ್ ಕಂಪನಿಗೆ ಹಬ್ಬ ಕಳೆದ ಮೇಲೂ 260 ಟನ್ ಟರ್ಕಿ ಉಳಿದು, ರೈಲು ಡಬ್ಬಿಗಳಲ್ಲಿ ಅತ್ತಿತ್ತ ಓಡಾಡಿಸುತ್ತಿದ್ದಾಗ ಟಿವಿ ಡಿನ್ನರ್ ಎಂಬ ಸಿದ್ಧ ಊಟದ ತಟ್ಟೆ ಹೊಳೆಯಿತು ಎನ್ನುತ್ತಾರೆ. ಕಥೆಗೆ ಕೈಕಾಲು ಸೇರಿರಬಹುದು. ಆ ತಟ್ಟೆಯಲ್ಲೂ ಇದ್ದದ್ದು ಟರ್ಕಿ, ಸ್ಟಫಿಂಗೇ.

ಅವ್ವ ನಮ್ಮಲ್ಲಿಗೆ ಬಂದದ್ದು ಕೆಲವು ವರ್ಷ ಬಿಟ್ಟು. ಬಂದಾಗ ಮೇಪಲ್ ಮರಗಳು ಕೆಂಪಾಗಿದ್ದವು, ನೋಡನೋಡುತ್ತ ನವೆಂಬರ್ ಬಂತು. ಗುರುವಾರ ಅಜ್ಜಿಯ ಮನೆಯಲ್ಲಿ ಹಕ್ಕಿಯನ್ನು ಕಂಡು ಕಣ್ಣರಳಿಸಿದಳು. ತುಂಡು ಬಾಯಿಗಿಟ್ಟ ಮೇಲೆ ನನ್ನ ಕಡೆ ಬಾಗಿ, “ಏನ್ಲಾ ಮಗ, ಇಷ್ಟ್ ದೊಡ್ಡ ಕೋಳಿಗೆ ಒಂದ್ ಚಿಟಿಕೆ ಖಾರಾನೂ ಹಾಕಿಲ್ವಲ್ಲೋ” ಎಂದಳು. ಏನಂದರು ಎಂದು ಅಜ್ಜಿ ಕೇಳಿದರು. ಬಹಳ ದೊಡ್ಡ ಹಕ್ಕಿ ಅಂತಿದ್ದಾರೆ ಎಂದೆ. ಅಷ್ಟು ಸುಳ್ಳಿರಲಿಲ್ಲ.

ನಾಳೆ ನೋಡವ್ವ ಇದರ ರುಚಿ ಎಂದು ರಾತ್ರಿಯೆಲ್ಲ ಹೇಳಿದ್ದೆ. ಬೆಳಗಾದರೆ ಅವ್ವ ತಲೆಗೆ ನೀರು ಹಾಕಿಕೊಂಡು ದೀಪ ಹಚ್ಚಿ ಕೂತಿದ್ದಳು. “ಇವತ್ತು ಸುಕ್ರುವಾರ ಕಣ್ಲಾ. ಬಾಡು ಮುಟ್ಟಾಕಿಲ್ಲ ನಾನು.” ನಮ್ಮ ಮನೆಯಲ್ಲಿ ಸೋಮವಾರ, ಶುಕ್ರವಾರ, ಶನಿವಾರ ಬಾಡಿಲ್ಲ. ಅಮೆರಿಕಕ್ಕೆ ಬಂದ ಮೇಲೆ ನಾನು ಆ ಲೆಕ್ಕ ಬಿಟ್ಟಿದ್ದೆ, ಅವ್ವ ಬಿಡುವವಳಲ್ಲ. ಥ್ಯಾಂಕ್ಸ್‌ಗಿವಿಂಗ್ ಯಾವಾಗಲೂ ಗುರುವಾರವೇ, ಮಾರನೇ ದಿನ ಯಾವಾಗಲೂ ಶುಕ್ರವಾರವೇ. ಅಮೆರಿಕದ ಪಾರ್ಲಿಮೆಂಟಿಗೆ ನಮ್ಮೂರಿನ ವಾರದ ಲೆಕ್ಕ ಯಾರು ಹೇಳಬೇಕು?

ಆದರೂ ಹಿಂದಿನ ಬಾಗಿಲಿನಿಂದ ಹೋದೆವು, ಅವ್ವನೂ ಬಂದಳು. ಅಜ್ಜಿ ಫ್ರಿಜ್ಜಿನಿಂದ ಡಬ್ಬಿಗಳನ್ನು ತೆಗೆದು ಸಾಲಾಗಿಟ್ಟರು. ಅವ್ವ ಒಂದೊಂದರ ಮುಚ್ಚಳ ಎತ್ತಿ ನೋಡುತ್ತ ನುರಿದ ಆಲೂಗಡ್ಡೆಯ ಡಬ್ಬಿ ಹತ್ತಿರ ನಿಂತಳು. “ಆ ಬಾಡಿನ ಸೌಟು ಇದ್ಕೇನಾದ್ರೂ ತಗ್ಲೈತಾ ಕೇಳು.” ಕೇಳಿದೆ. ಇಲ್ಲ, ಬೇರೆ ಪಾತ್ರೆ, ಬೇರೆ ಚಮಚ, ಹಾಲು ಬೆಣ್ಣೆ ಬಿಟ್ಟು ಬೇರೇನೂ ಹಾಕಿಲ್ಲ. ಅವ್ವ ಸೆರಗು ಸಿಕ್ಕಿಸಿಕೊಂಡಳು. ನನ್ನ ಹೆಂಡತಿ ಮನೆಗೆ ಓಡಿ ಸಾಸಿವೆ, ಕಡಲೆಬೇಳೆ, ಫ್ರೀಜರಿನ ಕರಿಬೇವು, ಹಸಿಮೆಣಸಿನಕಾಯಿ, ಅರಿಶಿನ ತಂದಳು. ಬಾಣಲೆಯಲ್ಲಿ ಎಣ್ಣೆ ಕಾದು ಸಾಸಿವೆ ಸಿಡಿದಾಗ ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಎರಡು ಹೆಜ್ಜೆ ಮುಂದೆ ಬಂದರು. ಈರುಳ್ಳಿ ಬಾಡಿದ ಮೇಲೆ ಆಲೂಗಡ್ಡೆ ಬಿತ್ತು. ಹಾಲು ಬೆಣ್ಣೆ ಕುಡಿದಿದ್ದ ಅದು ಮೊದಲು ನೀರಾಡಿತು. ಅವ್ವ ಉರಿ ತಗ್ಗಿಸಿ, ಬಾಣಲೆಯ ಅಂಚು ಬಿಟ್ಟು ಉಂಡೆಯಾಗುವ ತನಕ ಕೈಯಾಡಿಸಿದಳು, ನಿಂಬೆ ಹಿಂಡಿ ಇಳಿಸಿದಳು.

ಒಂದು ಹಾಸು ಬನ್ನು ಅವ್ವನ ಪಲ್ಯಕ್ಕೆ, ಒಂದು ಹಾಸು ಅಜ್ಜಿಯ ಟರ್ಕಿಗೆ. ಅವ್ವನದಕ್ಕೆ ಚೀಸಿಲ್ಲ, ತಲೆಯ ಮೇಲೆ ಬೆಣ್ಣೆ ಮಾತ್ರ. ಗಸಗಸೆ ಎಂದು ಗೊತ್ತಾದ ಮೇಲೆ ಅದನ್ನೂ ಹಾಕಿಸಿಕೊಂಡಳು. ತಟ್ಟೆ ಬೇರೆ, ಓವನ್ ಒಂದೇ. ಬೆಂಕಿಗೆ ಮೈಲಿಗೆಯಿಲ್ಲ ಎಂದು ಅವ್ವನೇ ತೀರ್ಪು ಕೊಟ್ಟಳು. ಹೊರಗೆ ಬಂದದ್ದು ನಮ್ಮ ಬೇಕರಿಗಳ ಪಲ್ಯದ ಬನ್ನೇ. ಹಾಸನದ ಕಡೆಯ ಅಯ್ಯಂಗಾರರು ಬೆಂಗಳೂರಿನಿಂದ ಹಿಡಿದು ರಾಜ್ಯದ ಸಣ್ಣಪುಟ್ಟ ಊರಿನ ತನಕ ನಡೆಸುವ ಬೇಕರಿಗಳಲ್ಲಿ ಸಂಜೆ ನಾಲ್ಕಕ್ಕೆ ಬಿಸಿಯಾಗಿ ಬರುತ್ತದಲ್ಲ, ಅದು. ಬೆಣ್ಣೆ ಮಾತ್ರ ಇಲ್ಲಿ ಧಾರಾಳ. ಅಜ್ಜಿ ಮೊದಲ ಬನ್ನು ತಿಂದು ಏನೂ ಹೇಳಲಿಲ್ಲ, ಎರಡನೆಯದಕ್ಕೆ ಕೈಚಾಚಿದರು. ಮುಂದಿನ ವರ್ಷದಿಂದ ಗುರುವಾರ ಆಲೂಗಡ್ಡೆ ಎರಡರಷ್ಟು ಬೇಯುತ್ತಿತ್ತು.

ಈಗ ಅಜ್ಜಿ ಮಗಳ ಜೊತೆ ಫ್ಲಾರಿಡಾದಲ್ಲಿದ್ದಾರೆ. ಗುರುವಾರದ ಊಟ ನಮ್ಮ ಮನೆಗೆ ಬಂದಿದೆ. ಕನ್ನಡದ ಸ್ನೇಹಿತರು ಸೇರುತ್ತಾರೆ, ಅರ್ಧಕ್ಕರ್ಧ ಸಸ್ಯಾಹಾರಿಗಳು, ಹಾಗಾಗಿ ಟರ್ಕಿಯ ಪಕ್ಕದಲ್ಲೇ ಬಿಸಿಬೇಳೆಬಾತು, ಪುಳಿಯೋಗರೆ. ಇವು ಯಾವುವೂ ಬನ್ನಿಗೆ ಆಗಿಬರುವುದಿಲ್ಲ. ಅನ್ನದ ಜೊತೆ ಬ್ರೆಡ್ಡು, ಅನ್ನಕ್ಕೂ ಅವಮಾನ ಬ್ರೆಡ್ಡಿಗೂ ಅವಮಾನ. ಗೆಣಸಿನ ಮೇಲೆ ಮಾರ್ಷ್‌ಮ್ಯಾಲೋ ಸುರಿದು ಮಾಡುವ ಪದಾರ್ಥವನ್ನೂ ದೂರವಿಡಿ. ಟರ್ಕಿಗೆ ಶುಂಠಿ, ಬೆಳ್ಳುಳ್ಳಿ, ಗರಂ ಮಸಾಲೆ ಮೆತ್ತಿ ತಂದೂರಿ ಮಾಡುವ ಉತ್ಸಾಹ ನಮ್ಮವರಲ್ಲಿ ಕೆಲವರಿಗಿದೆ. ಗುರುವಾರ ಅದು ನಿಜಕ್ಕೂ ವಾಸಿ. ಶುಕ್ರವಾರದ ಬನ್ನಿಗೆ ಮಾತ್ರ ಸಪ್ಪೆ ಟರ್ಕಿಯೇ ಸರಿ, ಮಸಾಲೆ ಮತ್ತು ಕ್ರ್ಯಾನ್‌ಬೆರಿ ಜೊತೆಯಾಗುವುದಿಲ್ಲ. ಮಸಾಲೆಯದ್ದೇ ಉಳಿದರೆ ಕ್ರ್ಯಾನ್‌ಬೆರಿ ಬಿಟ್ಟು ಕೊತ್ತಂಬರಿ ಚಟ್ನಿ ಹಚ್ಚಿ. ಬೀನ್ಸಿನ ಪದಾರ್ಥವನ್ನು ಮಾತ್ರ ಸಸ್ಯಾಹಾರಿಗಳಿಗೆ ಕೊಡುವ ಮುನ್ನ ಸೂಪಿನ ಡಬ್ಬಿಯ ಚೀಟಿ ಓದಿ ನೋಡಿ.

ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡದ ಹುಡುಗ ಹುಡುಗಿಯರಿಗೆ ಒಂದು ಮಾತು. ನವೆಂಬರಿನಲ್ಲಿ ಸಹೋದ್ಯೋಗಿಯೋ ನೆರೆಯವರೋ ಥ್ಯಾಂಕ್ಸ್‌ಗಿವಿಂಗಿಗೆ ಕರೆದರೆ ಸಂಕೋಚಪಡದೆ ಹೋಗಿ. ಹೊರಡುವಾಗ ಡಬ್ಬಿಯಲ್ಲಿ ಹಾಕಿಕೊಡುತ್ತಾರೆ, ತಂಗಳು ಎಂದು ಬೇಡವೆನ್ನಬೇಡಿ. ಸ್ಟಫಿಂಗ್, ಗ್ರೇವಿ, ಕ್ರ್ಯಾನ್‌ಬೆರಿ ಮೂರನ್ನೂ ಕೇಳಿ ಪಡೆಯಿರಿ, ಬರೀ ಮಾಂಸ ತಂದರೆ ಕೆಲಸವಾಗದು. ಬನ್ನಿನ ಪೊಟ್ಟಣ ಬುಧವಾರವೇ ಕೊಂಡಿಡಿ, ಗುರುವಾರ ಹಲವು ಅಂಗಡಿಗಳು ಬಾಗಿಲು ಹಾಕಿರುತ್ತವೆ. ಮಿಕ್ಕ ಅಡುಗೆ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಸೋಮವಾರದೊಳಗೆ ತಿಂದು ಮುಗಿಸಿ, ಮಂಗಳವಾರಕ್ಕೆ ಇಟ್ಟುಕೊಳ್ಳಬೇಡಿ.